ಹೃದಯವನ್ನು ಲೆಕ್ಕಕ್ಕೆ ಇಳಿಸಿದವರು

1983ನೆಯ ಇಸವಿಯ ಶ್ರಾವಣ ಮಾಸ. ನಮ್ಮ ಶಾಲೆಯ ಗಣಿತದ ಮೇಷ್ಟ್ರು ಬೆಳಗಿನ ಪ್ರಾರ್ಥನೆ ಮುಗಿಸಿ, ಮೊದಲ ಅವಧಿಯ ಪಾಠ ಮಾಡಿ, ಸಿಬ್ಬಂದಿ ಕೊಠಡಿಗೆ ಬಂದು ಕುರ್ಚಿಯಲ್ಲಿ ಕುಳಿತವರು ಮತ್ತೆ ಏಳಲಿಲ್ಲ. ಅವರಿಗೆ ಆಗ ನಲವತ್ತೊಂಬತ್ತು ವರ್ಷ. ಆ ವರ್ಷ ಹತ್ತನೆಯ ತರಗತಿಯಲ್ಲಿದ್ದ ನಿಮ್ಮಲ್ಲಿ ಕೆಲವರಿಗಾದರೂ ಆ ದಿನದ ನೆನಪಿರಬೇಕು. ಸೂತಕದ ರಜೆ ಮುಗಿದು ಶಾಲೆ ಮತ್ತೆ ತೆರೆದಾಗ, ನಾನು ಜೀವಶಾಸ್ತ್ರದ ಪಾಠಕ್ಕೆ ಹೋದೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ಸಾರ್, ಬೀಡಿ ಸಿಗರೇಟು ಸೇದುವವರಿಗೆ, ದಪ್ಪ ಇರುವವರಿಗೆ ಹೃದಯಾಘಾತ ಆಗುತ್ತದೆ ಎಂದು ನೀವೇ ಹೇಳಿದ್ದಿರಿ. ಗಣಿತದ ಮೇಷ್ಟ್ರು ಸೇದುತ್ತಿರಲಿಲ್ಲ. ದಿನಾ ಮೂರು ಮೈಲಿ ನಡೆದೇ ಬರುತ್ತಿದ್ದರು. ಅವರು ಹೇಗೆ ಹೋದರು ಸಾರ್?"

ನನ್ನಲ್ಲಿ ಉತ್ತರವಿರಲಿಲ್ಲ. "ವಿಧಿ" ಎಂದುಬಿಟ್ಟೆ. ವಿಜ್ಞಾನದ ಮೇಷ್ಟ್ರು ಆಡಬಾರದ ಮಾತು ಅದು. ಆ ಹುಡುಗ ಇಂದು ಸ್ವತಃ ವೈದ್ಯ, ಈ ಪುಟಗಳನ್ನು ಓದುವವರಲ್ಲಿ ಒಬ್ಬ. ನಿವೃತ್ತಿಯ ನಂತರ ಬಿಡುವು ಹೆಚ್ಚಿದ್ದರಿಂದ, ಅವನ ಪ್ರಶ್ನೆಯ ಬೆನ್ನು ಹತ್ತಿ ಒಂದಿಷ್ಟು ಓದಿಕೊಂಡೆ. ಓದಿದ್ದನ್ನು ನನಗೆ ತಿಳಿದಂತೆ ಇಲ್ಲಿ ಬರೆದಿಡುತ್ತಿದ್ದೇನೆ. ತಪ್ಪಿದ್ದರೆ ವೈದ್ಯ ಶಿಷ್ಯರು ತಿದ್ದಬೇಕು.

ಹೃದಯದ ಚರಿತ್ರೆಯನ್ನು ಹೇಳಹೊರಟವರು ವಿಲಿಯಂ ಹಾರ್ವೆಯಿಂದ ಆರಂಭಿಸುವುದು ವಾಡಿಕೆ. ನಾನೂ ವಾಡಿಕೆ ಮುರಿಯುವವನಲ್ಲ. ಆದರೆ ಹಾರ್ವೆ "ರಕ್ತ ಪರಿಚಲನೆಯನ್ನು ಕಂಡುಹಿಡಿದ" ಎಂದು ಒಂದೇ ವಾಕ್ಯದಲ್ಲಿ ಬರೆಸಿ ಅಂಕ ಕೊಡುತ್ತಿದ್ದ ನಾನು, ಅವನು ಅದನ್ನು ಹೇಗೆ ಕಂಡುಹಿಡಿದ ಎಂಬುದನ್ನು ನಿಮಗೆ ಸರಿಯಾಗಿ ಹೇಳಿಕೊಡಲಿಲ್ಲ. ಗ್ರೀಕ್ ವೈದ್ಯ ಗ್ಯಾಲೆನ್ನನ ಕಾಲದಿಂದ ಯುರೋಪಿನ ಪಂಡಿತರು ನಂಬಿದ್ದೇನೆಂದರೆ, ಉಂಡ ಅನ್ನ ಯಕೃತ್ತಿನಲ್ಲಿ ರಕ್ತವಾಗುತ್ತದೆ, ಆ ರಕ್ತ ಅಂಗಾಂಗಗಳಿಗೆ ಹರಿದು ಅಲ್ಲೇ ಇಂಗಿಹೋಗುತ್ತದೆ, ಗದ್ದೆಗೆ ಬಿಟ್ಟ ನೀರಿನಂತೆ. ಹಾರ್ವೆ 1628ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಸರಳವಾದ ಒಂದು ಗುಣಾಕಾರ ಮಾಡಿದ. ಒಂದು ಬಡಿತಕ್ಕೆ ಅರ್ಧ ಔನ್ಸ್ ರಕ್ತ ಹೊರಬೀಳುತ್ತದೆಂದು ಹಿಡಿಯೋಣ; ಅರ್ಧ ಗಂಟೆಯಲ್ಲಿ ಸಾವಿರ ಬಡಿತವೆಂದು ಹಿಡಿಯೋಣ; ಅಲ್ಲಿಗೆ ಐನೂರು ಔನ್ಸ್, ಅಂದರೆ ಹದಿನಾಲ್ಕು ಕಿಲೋಗೂ ಮಿಗಿಲು. ಇಷ್ಟು ರಕ್ತ ಇಡೀ ದೇಹದಲ್ಲೇ ಇಲ್ಲ, ಅರ್ಧ ಗಂಟೆಯಲ್ಲಿ ಅಷ್ಟು ಅನ್ನ ಉಣ್ಣುವವನೂ ಇಲ್ಲ. ಹಾಗಿದ್ದ ಮೇಲೆ ಅದೇ ರಕ್ತ ಸುತ್ತಿ ಸುತ್ತಿ ಬರುತ್ತಿರಲೇಬೇಕು. ಸೂಕ್ಷ್ಮದರ್ಶಕದಲ್ಲಿ ಲೋಮನಾಳಗಳನ್ನು ಯಾರೂ ಕಾಣುವುದಕ್ಕೆ ಮೊದಲೇ, ಅವು ಇರಲೇಬೇಕೆಂದು ಈ ಲೆಕ್ಕ ಹೇಳಿತು. ಅಂಗವನ್ನು ಬಿಡಿಯಾಗಿ ನೋಡದೆ ಇಡೀ ವ್ಯವಸ್ಥೆಯ ಆಯವ್ಯಯ ಕೇಳಿದವರಲ್ಲಿ ಅವನೇ ಮೊದಲಿಗನೆಂದು ನನಗನ್ನಿಸುತ್ತದೆ.

ಮುಂದಿನ ಮುನ್ನೂರು ವರ್ಷ ದಾಟಿ ಅಮೆರಿಕಕ್ಕೆ ಬರೋಣ. 1945ರ ಏಪ್ರಿಲ್ 12ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಅಂದು ಅವರ ರಕ್ತದೊತ್ತಡ 300/190. ವರ್ಷಗಳಿಂದ ಏರುತ್ತಲೇ ಇದ್ದ ಆ ಅಂಕಿಯನ್ನು ಅವರ ಖಾಸಾ ವೈದ್ಯರು ವಯಸ್ಸಿಗೆ ತಕ್ಕದ್ದೆಂದು ತಳ್ಳಿಹಾಕಿದ್ದರು. ಅಂದಿನ ವೈದ್ಯಶಾಸ್ತ್ರದಲ್ಲಿ ಅನೇಕರ ನಂಬಿಕೆಯೂ ಹಾಗೆಯೇ ಇತ್ತು. 1948ರಲ್ಲಿ ಅಧ್ಯಕ್ಷ ಟ್ರೂಮನ್ ಹೃದಯ ಕಾಯಿದೆಗೆ ಸಹಿ ಹಾಕಿದರು. ಅದೇ ವರ್ಷ ಮ್ಯಾಸಚೂಸೆಟ್ಸ್ ಸಂಸ್ಥಾನದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 5,209 ಜನ ಗಂಡಸರು ಹೆಂಗಸರನ್ನು ಆರಿಸಿ, ಎರಡು ವರ್ಷಕ್ಕೊಮ್ಮೆ ಪರೀಕ್ಷಿಸುತ್ತ ಜೀವಮಾನವಿಡೀ ಗಮನಿಸುವ ಅಧ್ಯಯನ ಮೊದಲಾಯಿತು. ಯಾರಿಗೆ ಹೃದ್ರೋಗ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ಕಾದು ನೋಡುವುದು, ಅಷ್ಟೆ. ಅವರ ಮಕ್ಕಳು 1971ರಲ್ಲಿ ಸೇರಿದರು, ಮೊಮ್ಮಕ್ಕಳು 2002ರಲ್ಲಿ. ರಕ್ತದೊತ್ತಡ, ಕೊಲೆಸ್ಟರಾಲ್, ಧೂಮಪಾನ ಇವೆಲ್ಲ "ಅಪಾಯಕಾರಿ ಅಂಶಗಳು" ಎಂದು 1961ರ ಹೊತ್ತಿಗೆ ಹೆಸರು ಪಡೆದದ್ದು ಆ ಊರಿನವರ ತಾಳ್ಮೆಯಿಂದ. ನಾನು ತರಗತಿಯಲ್ಲಿ ಹೇಳುತ್ತಿದ್ದ ಬೀಡಿ ಸಿಗರೇಟಿನ ಪಾಠದ ಮೂಲ ಅಲ್ಲಿದೆ.

ಆದರೆ ಅಪಾಯದ ಅಂಶವೆಂದರೆ ಕಾರಣವೆಂದು ಅರ್ಥವಲ್ಲ. ಕಾರಣವಾದರೂ ಅದನ್ನು ಕಿತ್ತೊಡನೆ ರೋಗ ನಿಲ್ಲುತ್ತದೆಂದೂ ಅರ್ಥವಲ್ಲ. ಇದನ್ನು ವೈದ್ಯಲೋಕ ಬಹಳ ದುಬಾರಿ ಬೆಲೆ ತೆತ್ತು ಕಲಿಯಿತು. ಆ ಕಥೆಯನ್ನು ತುಸು ವಿವರವಾಗಿಯೇ ಹೇಳಬೇಕು.

ಹೃದಯಾಘಾತವಾಗಿ ಬದುಕುಳಿದವರ ಇ.ಸಿ.ಜಿ.ಯಲ್ಲಿ ಕೆಲವೊಮ್ಮೆ ನಡುನಡುವೆ ಅಕಾಲಿಕ ಬಡಿತಗಳು ಕಾಣಿಸುತ್ತವೆ. ಅಂಥ ಬಡಿತಗಳು ಹೆಚ್ಚಿರುವವರು ಹಠಾತ್ತನೆ ಸಾಯುವ ಸಂಭವವೂ ಹೆಚ್ಚು ಎಂಬುದು ತಿಳಿದಿತ್ತು. ಆ ಬಡಿತಗಳನ್ನು ಅಡಗಿಸುವ ಔಷಧಗಳೂ ಇದ್ದವು: ಎನ್‌ಕೈನೈಡ್, ಫ್ಲೆಕೈನೈಡ್. ಅಪಶಕುನದ ಬಡಿತ ನಿಂತರೆ ಸಾವೂ ನಿಲ್ಲುತ್ತದೆ ಎಂಬ ತರ್ಕಕ್ಕೆ ಯಾರು ತಾನೇ ಎದುರಾಡಿಯಾರು? ವೈದ್ಯರು ಬರೆದುಕೊಟ್ಟರು, ರೋಗಿಗಳು ನುಂಗಿದರು. ಕೊನೆಗೆ ಅಮೆರಿಕದಲ್ಲಿ "ಕ್ಯಾಸ್ಟ್" ಎಂಬ ಸಂಕ್ಷಿಪ್ತ ಹೆಸರಿನ ಪರೀಕ್ಷೆ ನಡೆಯಿತು. ಔಷಧದಿಂದ ಅಕಾಲಿಕ ಬಡಿತ ನಿಜವಾಗಿಯೂ ಅಡಗುವ ರೋಗಿಗಳನ್ನೇ ಆರಿಸಿ, ಅರ್ಧದಷ್ಟು ಜನಕ್ಕೆ ಔಷಧ, ಉಳಿದರ್ಧಕ್ಕೆ ಅದರಂತೆಯೇ ಕಾಣುವ ಹುಸಿಗುಳಿಗೆ. 1989ರಲ್ಲಿ ಈ ಎರಡು ಔಷಧಗಳ ಪರೀಕ್ಷೆಯನ್ನು ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. 1991ರಲ್ಲಿ ಪ್ರಕಟವಾದ ಪೂರ್ಣ ಲೆಕ್ಕ ಹೀಗಿದೆ: ಒಟ್ಟು 1,498 ರೋಗಿಗಳು, ಸರಾಸರಿ ಹತ್ತು ತಿಂಗಳು, ಹುಸಿಗುಳಿಗೆ ತೆಗೆದುಕೊಂಡವರಲ್ಲಿ ಸತ್ತವರು 26, ಔಷಧ ತೆಗೆದುಕೊಂಡವರಲ್ಲಿ 63.

ಆ ಎರಡು ಸಂಖ್ಯೆಗಳನ್ನು ಮೊದಲು ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಯಾರೂ ದುರುದ್ದೇಶದಿಂದ ಮಾಡಿದ ಕೆಲಸವಲ್ಲ. ಔಷಧ ತನಗೆ ಹೇಳಿದ ಕೆಲಸವನ್ನು ಚಾಚೂ ತಪ್ಪದೆ ಮಾಡಿತು, ಬಡಿತಗಳು ಅಡಗಿದವು. ಒಂದು ದಾರವನ್ನು ಎಳೆದವರಿಗೆ ಅದಕ್ಕೆ ಗಂಟು ಬಿದ್ದಿದ್ದ ಇತರ ದಾರಗಳು ಕಾಣಲಿಲ್ಲ. ಈ ಔಷಧಗಳು ಹೃದಯಕೋಶದೊಳಕ್ಕೆ ಸೋಡಿಯಂ ನುಗ್ಗುವ ಬಾಗಿಲನ್ನು ಮುಚ್ಚುತ್ತವೆ. ಅದರಿಂದ ವಿದ್ಯುತ್ ಅಲೆ ಹೃದಯದ ಗೋಡೆಯಲ್ಲಿ ನಿಧಾನವಾಗಿ ಸಾಗುತ್ತದೆ. ಆಘಾತದಿಂದ ಗಾಯದ ಕಲೆ ಉಳಿದಿರುವ ಹೃದಯದಲ್ಲಿ, ನಿಧಾನವಾದ ಅಲೆ ಆ ಕಲೆಯನ್ನು ಸುತ್ತುಹಾಕಿ ಮತ್ತೆ ತಾನು ಹೊರಟ ಜಾಗಕ್ಕೇ ಬಂದು ಸುಳಿಯಾಗಿ ತಿರುಗತೊಡಗಬಹುದು. ಅಲ್ಲಿಗೆ ಮುಗಿಯಿತು.

ಸೋಜಿಗವೆಂದರೆ, ಇಂಥ ಸುಳಿಯ ಗಣಿತವನ್ನು ಬಹಳ ಹಿಂದೆಯೇ ಒಬ್ಬರು ಬರೆದಿಟ್ಟಿದ್ದರು. ಅಮೆರಿಕದ ಗಣಿತಜ್ಞ ನಾರ್ಬರ್ಟ್ ವೀನರ್ ಮತ್ತು ಮೆಕ್ಸಿಕೋ ದೇಶದ ಶರೀರಕ್ರಿಯಾ ವಿಜ್ಞಾನಿ ಆರ್ತುರೋ ರೋಸೆನ್‌ಬ್ಲೂಯೆತ್ 1946ರಲ್ಲಿ ಹೃದಯದ ಸ್ನಾಯುವಿನಲ್ಲಿ ಅಲೆಗಳು ಅಡಚಣೆಗಳನ್ನು ಬಳಸಿ ಹೇಗೆ ಸಾಗುತ್ತವೆ ಎಂಬ ಲೇಖನವನ್ನು ಮೆಕ್ಸಿಕೋದ ಒಂದು ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. ಎರಡು ವರ್ಷದ ನಂತರ ವೀನರ್ "ಸೈಬರ್ನೆಟಿಕ್ಸ್" ಎಂಬ ಹೆಸರಾಂತ ಪುಸ್ತಕ ಬರೆದು ಅದನ್ನು ಈ ಮಿತ್ರನಿಗೇ ಅರ್ಪಿಸಿದರು. ಆದರೆ ಗಣಿತದವರು ಬರೆದದ್ದನ್ನು ವೈದ್ಯರು ಓದುವ ರೂಢಿ ಆಗ ಎಲ್ಲಿತ್ತು? ನಮ್ಮ ಶಾಲೆಯ ಸಿಬ್ಬಂದಿ ಕೊಠಡಿಯಲ್ಲಿ ಗಣಿತದ ಮೇಷ್ಟ್ರೂ ನಾನೂ ಹದಿನೈದು ವರ್ಷ ಎದುರುಬದುರು ಕುಳಿತು, ಒಬ್ಬರ ಪಾಠದ ವಿಷಯವನ್ನು ಇನ್ನೊಬ್ಬರು ಒಂದು ದಿನವೂ ಕೇಳಲಿಲ್ಲ.

ಈಗ ವೈದ್ಯ ಶಿಷ್ಯರಿಗೆಲ್ಲ ಪರಿಚಿತವಾದ ಒಂದು ಹೆಸರು. ನಿಮ್ಮ ಕಪಾಟಿನಲ್ಲಿ ಇಟ್ಟಿಗೆಯಷ್ಟು ದಪ್ಪವಾಗಿ ಕುಳಿತಿರುವ ಶರೀರಕ್ರಿಯಾಶಾಸ್ತ್ರದ ಪುಸ್ತಕದ ಕರ್ತೃ ಆರ್ಥರ್ ಗೈಟನ್. ಶಸ್ತ್ರವೈದ್ಯನಾಗಬೇಕೆಂದು ತರಬೇತಿ ಪಡೆಯುತ್ತಿದ್ದ ಈ ತರುಣನಿಗೆ 1946ರಲ್ಲಿ ಪೋಲಿಯೋ ತಗುಲಿ, ಬಲಗಾಲೂ ಎಡತೋಳೂ ಶಕ್ತಿ ಕಳೆದುಕೊಂಡವು. ಕತ್ತರಿ ಹಿಡಿಯುವ ಆಸೆ ಬಿಟ್ಟು ತನ್ನ ಹುಟ್ಟುನಾಡಾದ ಮಿಸಿಸಿಪಿಗೆ ಹಿಂದಿರುಗಿ ಪಾಠ ಹೇಳತೊಡಗಿದ. ಅವರ ಹತ್ತು ಮಕ್ಕಳೂ ವೈದ್ಯರಾದರಂತೆ. ಅದು ಬೇರೆಯೇ ಕಥೆ. 1972ರಲ್ಲಿ ಗೈಟನ್ ಇಬ್ಬರು ಸಹೋದ್ಯೋಗಿಗಳೊಂದಿಗೆ ರಕ್ತಪರಿಚಲನೆಯ ಒಂದು ಮಹಾನಕ್ಷೆಯನ್ನು ಪ್ರಕಟಿಸಿದರು. ಹೃದಯ, ಮೂತ್ರಪಿಂಡ, ನರ, ಹಾರ್ಮೋನು, ಬಾಯಾರಿಕೆ, ಉಪ್ಪು, ಹೀಗೆ ಮುನ್ನೂರೈವತ್ತಕ್ಕೂ ಹೆಚ್ಚು ಚೌಕಗಳು, ಒಂದರಿಂದ ಒಂದಕ್ಕೆ ಬಾಣಗಳು, ಪ್ರತಿ ಚೌಕದ ಹಿಂದೆ ಒಂದು ಸಮೀಕರಣ. ನೋಡಿದರೆ ರೇಡಿಯೋ ರಿಪೇರಿಯವನ ವೈರಿಂಗ್ ನಕ್ಷೆಯಂತಿದೆ.

ಆ ನಕ್ಷೆ ಗಣಕಯಂತ್ರದಲ್ಲಿ ಓಡಿದಾಗ ಹೇಳಿದ ಮಾತು ಅನೇಕರಿಗೆ ರುಚಿಸಲಿಲ್ಲ. ರಕ್ತನಾಳಗಳು ಬಿಗಿದುಕೊಂಡರೆ ಒತ್ತಡ ಏರುತ್ತದೆ ಎಂಬುದು ಎಲ್ಲರ ತಿಳಿವಳಿಕೆ. ಗೈಟನ್ನರ ಲೆಕ್ಕ ಹೇಳಿದ್ದು: ಏರುತ್ತದೆ, ಆದರೆ ನಿಲ್ಲುವುದಿಲ್ಲ, ಮೂತ್ರಪಿಂಡ ಸರಿಯಾಗಿದ್ದರೆ ಹೆಚ್ಚುವರಿ ಉಪ್ಪನ್ನೂ ನೀರನ್ನೂ ಹೊರಹಾಕಿ ಒತ್ತಡವನ್ನು ಕೆಲವೇ ದಿನಗಳಲ್ಲಿ ಮೊದಲಿನ ಮಟ್ಟಕ್ಕೆ ಇಳಿಸುತ್ತದೆ. ಇದನ್ನು ನಮ್ಮ ಊರಿನ ಕೆರೆಗೆ ಹೋಲಿಸಿದರೆ ಸುಲಭ. ಎಷ್ಟೇ ಮಳೆ ಬಂದರೂ ಕೆರೆಯ ನೀರು ಕೊನೆಗೆ ನಿಲ್ಲುವುದು ಕೋಡಿಯ ಮಟ್ಟಕ್ಕೆ. ನೀರಿನ ಮಟ್ಟ ಶಾಶ್ವತವಾಗಿ ಏರಬೇಕಾದರೆ ಯಾರಾದರೂ ಕೋಡಿಯನ್ನೇ ಎತ್ತರಿಸಬೇಕು. ದೇಹದ ಕೋಡಿ ಮೂತ್ರಪಿಂಡ. ಈ ವಾದವನ್ನು ಪೂರ್ತಿ ಒಪ್ಪದ ಪಂಡಿತರು ಇಂದಿಗೂ ಇದ್ದಾರೆ. ನರಮಂಡಲಕ್ಕೆ ಅವರು ಹೆಚ್ಚಿನ ಪಾಲು ಕೊಡುತ್ತಾರೆ. ಆದರೆ ಜಗಳವಾಡಲು ಒಂದು ನಕ್ಷೆಯನ್ನು ನಡುವೆ ಹಾಸಿಕೊಟ್ಟವರು ಗೈಟನ್.

ಇಡೀ ದೇಹದಿಂದ ಒಂದು ಜೀವಕೋಶಕ್ಕೆ ಇಳಿಯೋಣ. ಇಂಗ್ಲೆಂಡಿನ ಆಲನ್ ಹಾಡ್ಜ್‌ಕಿನ್ ಮತ್ತು ಆ್ಯಂಡ್ರೂ ಹಕ್ಸ್‌ಲಿ 1952ರಲ್ಲಿ ಸ್ಕ್ವಿಡ್ ಎಂಬ ಕಡಲಜೀವಿಯ ನರತಂತುವಿನಲ್ಲಿ ವಿದ್ಯುತ್ ಸಂದೇಶ ಹುಟ್ಟುವ ಬಗೆಯನ್ನು ಸಮೀಕರಣಗಳಲ್ಲಿ ಬರೆದರು. ಆಗ ಕೇಂಬ್ರಿಜ್‌ನ ಗಣಕಯಂತ್ರ ಮಾರ್ಪಾಡಿಗಾಗಿ ತಿಂಗಳುಗಟ್ಟಲೆ ಮುಚ್ಚಿದ್ದರಿಂದ, ಹಕ್ಸ್‌ಲಿ ಹಿಡಿ ತಿರುಗಿಸುವ ಬ್ರನ್ಸ್‌ವಿಗಾ ಲೆಕ್ಕದ ಯಂತ್ರದಲ್ಲೇ ವಾರಗಟ್ಟಲೆ ಕುಳಿತು ಉತ್ತರ ತೆಗೆದರು. 1963ರಲ್ಲಿ ನೊಬೆಲ್ ಬಂತು.

ನರಕ್ಕೆ ಮಾಡಿದ್ದನ್ನು ಹೃದಯಕ್ಕೆ ಮಾಡಲಾದೀತೇ ಎಂದು ಕೇಳಿದವನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧನಾ ವಿದ್ಯಾರ್ಥಿ ಡೆನಿಸ್ ನೋಬಲ್. ದರ್ಜಿ ಕುಟುಂಬದ ಹುಡುಗ. ನರದ ಸಂದೇಶ ಸಾವಿರದ ಒಂದು ಸೆಕೆಂಡಿನಷ್ಟರಲ್ಲಿ ಮುಗಿಯುತ್ತದೆ. ಹೃದಯಕೋಶದ ವಿದ್ಯುತ್ ಏರಿ, ಅಲ್ಲೇ ಪ್ರಸ್ಥಭೂಮಿಯಂತೆ ನೂರಾರು ಪಟ್ಟು ಹೆಚ್ಚು ಕಾಲ ನಿಂತು, ಆಮೇಲೆ ಇಳಿಯುತ್ತದೆ. ಏಕೆ? ನೋಬಲ್ ಮತ್ತು ಅವನ ಗುರು ಆಟ್ಟೋ ಹಟ್ಟರ್, ಕುರಿಯ ಹೃದಯದ ಪರ್ಕಿಂಜೆ ತಂತುಗಳಲ್ಲಿ ಪೊಟ್ಯಾಸಿಯಂ ಹೊರಬೀಳುವ ದಾರಿ ಒಂದಲ್ಲ, ಎರಡು ಬಗೆ ಎಂದು ಕಂಡುಕೊಂಡರು. ಒಂದು ಬಾಗಿಲು ಕೋಶ ಉದ್ರೇಕಗೊಂಡಾಗ ಮುಚ್ಚಿಕೊಳ್ಳುತ್ತದೆ, ಇನ್ನೊಂದು ನಿಧಾನವಾಗಿ ತೆರೆಯುತ್ತದೆ. ಇಷ್ಟು ಮಾತ್ರದಿಂದ ಬಡಿತ ತಾನಾಗಿ ಹುಟ್ಟೀತೇ ಎಂದು ನೋಡಲು ಗಣಕಯಂತ್ರ ಬೇಕಿತ್ತು. ಲಂಡನ್ ವಿಶ್ವವಿದ್ಯಾಲಯದಲ್ಲಿದ್ದದ್ದು ಒಂದೇ ಫೆರಾಂಟಿ ಮರ್ಕ್ಯುರಿ; ಭೌತವಿಜ್ಞಾನಿಗಳು ಸರದಿಯಲ್ಲಿ ಕಾಯುವ ಯಂತ್ರ. ಜೀವಶಾಸ್ತ್ರದ ಹುಡುಗನಿಗೆ ಸಿಕ್ಕಿದ್ದು ರಾತ್ರಿ ಎರಡರಿಂದ ನಾಲ್ಕರವರೆಗಿನ ಹೊತ್ತು. ಅದು ಮುಗಿಸಿ ಐದು ಗಂಟೆಗೆ ಕಸಾಯಿಖಾನೆಗೆ ಹೋಗಿ ಅಂದಿನ ಪ್ರಯೋಗಕ್ಕೆ ಕುರಿಯ ಹೃದಯಗಳನ್ನು ತರುತ್ತಿದ್ದನಂತೆ.

1960ರಲ್ಲಿ "ನೇಚರ್" ಪತ್ರಿಕೆಯಲ್ಲಿ ಫಲಿತಾಂಶ ಬಂತು. ಸಮೀಕರಣಗಳು ಮಿಡಿದವು! ಮಿಡಿಯಬೇಕೆಂಬ ಆಜ್ಞೆ ಆ ಸಮೀಕರಣಗಳಲ್ಲಿ ಎಲ್ಲಿಯೂ ಇರಲಿಲ್ಲ. ಬಾಗಿಲುಗಳು ವಿದ್ಯುತ್ತನ್ನು ಬದಲಿಸುತ್ತವೆ, ಬದಲಾದ ವಿದ್ಯುತ್ತು ಬಾಗಿಲುಗಳನ್ನು ಬದಲಿಸುತ್ತದೆ. ಈ ಕೊಡುಕೊಳ್ಳುವಿಕೆಯಿಂದಲೇ ತಾಳ ಹುಟ್ಟಿತು. ಕೊಡುಕೊಳ್ಳುವಿಕೆಯನ್ನು ಕತ್ತರಿಸಿದರೆ ಎಲ್ಲ ಬಿಡಿಭಾಗಗಳೂ ಇದ್ದು ಬಡಿತ ಮಾತ್ರ ಇಲ್ಲ. ಹಾಗಾದರೆ ಹೃದಯವನ್ನು ಬಡಿಸುವ ಅಣು ಯಾವುದು ಎಂದು ಕೇಳಿದರೆ, ಅಂಥದ್ದೊಂದು ಇಲ್ಲ ಎಂದೇ ಉತ್ತರ.

ಆ ಮಾದರಿಯಲ್ಲಿ ತಪ್ಪುಗಳಿದ್ದವು. ಕ್ಯಾಲ್ಸಿಯಂ ಹರಿಯುವ ದಾರಿ ಇನ್ನೂ ಪತ್ತೆಯಾಗಿರಲಿಲ್ಲ; ಅದರ ಪಾಲನ್ನೂ ಸೋಡಿಯಂ ತಲೆಗೇ ಕಟ್ಟಿದ್ದರು. 1975ರ ಸುಧಾರಿತ ಮಾದರಿಯಲ್ಲಿ ಹೊರಹರಿವು ಎಂದು ತಿಳಿದಿದ್ದ ಒಂದು ಪ್ರವಾಹ, ವಾಸ್ತವವಾಗಿ ಒಳಹರಿವು ಎಂದು ಇಟಲಿಯ ದಾರಿಯೋ ದಿಫ್ರಾಂಚೆಸ್ಕೊ 1980ರ ದಶಕದ ಆರಂಭದಲ್ಲಿ ತೋರಿಸಿದರು. ನೋಬಲ್ ಮುನಿಸಿಕೊಳ್ಳಲಿಲ್ಲ. ಆ ದಿಫ್ರಾಂಚೆಸ್ಕೊ ಜೊತೆ ಸೇರಿಯೇ 1985ರಲ್ಲಿ ಹೊಸ ಮಾದರಿ ಬರೆದರು. ಹಂತಗಳನ್ನು ಸ್ಪಷ್ಟವಾಗಿ ತೋರಿಸಿದ ತಪ್ಪು ಉತ್ತರಕ್ಕೂ ನಾನು ಅರ್ಧ ಅಂಕ ಕೊಡುತ್ತಿದ್ದುದು ನಿಮಗೆ ನೆನಪಿರಬಹುದು. ಮುಖ್ಯೋಪಾಧ್ಯಾಯರು ಅದಕ್ಕಾಗಿ ನನ್ನನ್ನು ಗದರಿಸಿದ್ದರು.

ಇಂಥ ಮಾದರಿಗಳಿಂದ ರೋಗಿಗೆ ಏನು ಬಂತು ಎಂಬುದು ನ್ಯಾಯವಾದ ಪ್ರಶ್ನೆ. ಒಂದು ಉದಾಹರಣೆ ಕೊಡುತ್ತೇನೆ. ಟೆರ್ಫೆನಡೀನ್ ಎಂಬುದು ನೆಗಡಿ, ಅಲರ್ಜಿಗೆ ಕೊಡುತ್ತಿದ್ದ ಮಾತ್ರೆ. ಅದು ಹೃದಯಕೋಶದ ಒಂದು ಪೊಟ್ಯಾಸಿಯಂ ಬಾಗಿಲನ್ನು ಮುಚ್ಚಿ, ಅಪರೂಪಕ್ಕೆ ಪ್ರಾಣಾಂತಿಕವಾದ ತಾಳತಪ್ಪನ್ನು ಉಂಟುಮಾಡುತ್ತದೆಂದು ತಿಳಿದು, 1990ರ ದಶಕದ ಕೊನೆಯಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೋಯಿತು. ಆ ಬಳಿಕ ಈ ಬಾಗಿಲನ್ನು ಮುಟ್ಟುವ ಯಾವ ಹೊಸ ಔಷಧವೂ ಸಂಶಯಕ್ಕೆ ಗುರಿಯಾಯಿತು. ಆದರೆ ವೆರಪಮಿಲ್ ಎಂಬ ಹಳೆಯ ಔಷಧವೂ ಅದೇ ಬಾಗಿಲನ್ನು ಮುಚ್ಚುತ್ತದೆ, ಆ ಬಗೆಯ ಅಪಾಯವನ್ನು ಮಾತ್ರ ತರುವುದಿಲ್ಲ. ಏಕೆಂದರೆ ಅದು ಕ್ಯಾಲ್ಸಿಯಂ ಬಾಗಿಲನ್ನೂ ಜೊತೆಗೇ ಮುಚ್ಚಿ ತಕ್ಕಡಿಯನ್ನು ಸರಿತೂಗಿಸುತ್ತದೆ. ಒಂದೇ ಬಾಗಿಲನ್ನು ನೋಡಿದವರಿಗೆ ಎರಡೂ ಒಂದೇ ತರಹ. ಆದ್ದರಿಂದ 2013ರಿಂದೀಚೆಗೆ ಅಮೆರಿಕದ ಔಷಧ ನಿಯಂತ್ರಕರೂ ವಿಜ್ಞಾನಿಗಳೂ ಸೇರಿ, ಔಷಧವೊಂದು ಹಲವು ಬಾಗಿಲುಗಳ ಮೇಲೆ ಮಾಡುವ ಪರಿಣಾಮವನ್ನು ಅಳೆದು, ಆ ಅಂಕಿಗಳನ್ನು ಮಾನವ ಹೃದಯಕೋಶದ ಗಣಕ ಮಾದರಿಗೆ ಉಣಿಸಿ, ಅಪಾಯವನ್ನು ಮೊದಲೇ ಅಂದಾಜಿಸುವ ವಿಧಾನವನ್ನು ರೂಪಿಸುತ್ತ ಬಂದಿದ್ದಾರೆ. ನೋಬಲ್ಲರ ರಾತ್ರಿ ಎರಡು ಗಂಟೆಯ ಲೆಕ್ಕದ ಮರಿಮಕ್ಕಳು ಆ ಮಾದರಿಗಳು.

"ಸಿಸ್ಟಮ್ಸ್ ಬಯಾಲಜಿ", ಕನ್ನಡದಲ್ಲಿ ವ್ಯವಸ್ಥಾ ಜೀವಶಾಸ್ತ್ರವೆನ್ನೋಣ, ಎಂಬ ಹೆಸರು ಜನಪ್ರಿಯವಾದದ್ದು ಈ ಎಲ್ಲದರ ಬಹಳ ನಂತರ. ಲೀರಾಯ್ ಹುಡ್ 2000ದಲ್ಲಿ ಸಿಯಾಟಲ್ ನಗರದಲ್ಲಿ ಆ ಹೆಸರಿನ ಸಂಸ್ಥೆ ಕಟ್ಟಿದರು. ಜಪಾನಿನ ಹಿರೊಆಕಿ ಕಿತಾನೊ 2002ರಲ್ಲಿ ಅದರ ರೂಪರೇಖೆ ಬರೆದರು. 2003ರಲ್ಲಿ ಮಾನವ ಜೀನೋಮ್ ಯೋಜನೆ ಮುಗಿಯಿತೆಂದು ಸಾರಿದಾಗ, ಇನ್ನೇನು ಹೃದ್ರೋಗದ ವಂಶವಾಹಿ ಸಿಕ್ಕಿಬಿಡುತ್ತದೆ ಎಂದು ಪತ್ರಿಕೆಗಳು ಬರೆದವು. ನಾನೂ ನಂಬಿ ನಿಮ್ಮಲ್ಲಿ ಕೆಲವರಿಗೆ ಕಾಗದ ಬರೆದಿದ್ದೆ. 2007ರಲ್ಲಿ ಸಿಕ್ಕಿದ್ದೇನು? ಒಂಬತ್ತನೆಯ ವರ್ಣತಂತುವಿನ ಒಂದು ತುಣುಕು, ಹೃದಯಾಘಾತದ ಅಪಾಯಕ್ಕೆ ಸಂಬಂಧಿಸಿದ್ದು. ಆದರೆ ಆ ತುಣುಕಿನಲ್ಲಿ ಪ್ರೋಟೀನು ತಯಾರಿಸುವ ವಂಶವಾಹಿಯೇ ಇಲ್ಲ! ಅಲ್ಲಿಂದೀಚೆಗೆ ಅಂಥ ತಾಣಗಳು ಇನ್ನೂರಕ್ಕೂ ಮಿಗಿಲಾಗಿ ಪತ್ತೆಯಾಗಿವೆ, ಬಹುಪಾಲು ಒಂದೊಂದರ ಪ್ರಭಾವವೂ ಅತ್ಯಲ್ಪ. ಅವು ಎಲ್ಲಿ, ಹೇಗೆ ಕೂಡಿ ಕೆಲಸ ಮಾಡುತ್ತವೆ ಎಂದು ತಿಳಿಯಲು ಎಸ್ಟೋನಿಯಾ ದೇಶದ ಟಾರ್ಟು ನಗರದಲ್ಲಿ ತೆರೆದ ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾದ ಸುಮಾರು 600 ರೋಗಿಗಳಿಂದ, ಅವರ ಒಪ್ಪಿಗೆಯ ಮೇರೆಗೆ, ರಕ್ತ, ಅಪಧಮನಿಯ ಗೋಡೆ, ಯಕೃತ್ತು, ಸ್ನಾಯು, ಎರಡು ಬಗೆಯ ಕೊಬ್ಬು, ಹೀಗೆ ಏಳು ಅಂಗಾಂಶಗಳನ್ನು ಸಂಗ್ರಹಿಸಿದರು. ಒಂದೇ ವಂಶವಾಹಿ ತಾಣ ಒಂದು ಅಂಗಾಂಶದಲ್ಲಿ ಮೌನವಾಗಿದ್ದು ಇನ್ನೊಂದರಲ್ಲಿ ಚುರುಕಾಗಿರುವುದು 2016ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ ಕಂಡುಬಂತು. ಹೃದಯದ ರೋಗದ ಒಂದು ಎಳೆ ಹೊಟ್ಟೆಯೊಳಗಿನ ಕೊಬ್ಬಿನಲ್ಲಿ, ಇನ್ನೊಂದು ಯಕೃತ್ತಿನಲ್ಲಿ.

ನಮ್ಮ ನಾಡಿನ ಸಂಗತಿಗೆ ಬರುತ್ತೇನೆ. ಕೇರಳದಲ್ಲಿ ಹುಟ್ಟಿ, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಮುಂದೆ ಕೆನಡಾದಲ್ಲಿ ನೆಲೆಸಿದ ಸಲೀಂ ಯೂಸುಫ್ ಅವರ ನೇತೃತ್ವದಲ್ಲಿ 52 ದೇಶಗಳ ಸುಮಾರು ಮೂವತ್ತು ಸಾವಿರ ಜನರ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಧೂಮಪಾನ, ರಕ್ತದ ಕೊಬ್ಬು, ಮಧುಮೇಹ, ರಕ್ತದೊತ್ತಡ, ಸೊಂಟದ ಸುತ್ತಳತೆ, ಮನೋಕ್ಲೇಶ ಮುಂತಾದ ಒಂಬತ್ತು ಅಂಶಗಳು, ಮೊದಲ ಹೃದಯಾಘಾತದ ಅಪಾಯದಲ್ಲಿ ಗಂಡಸರಲ್ಲಿ ಶೇ. 90, ಹೆಂಗಸರಲ್ಲಿ ಶೇ. 94ರಷ್ಟನ್ನು ಲೆಕ್ಕಕ್ಕೆ ತರುತ್ತವೆ ಎಂದು ಅದು ಹೇಳಿತು. ದಕ್ಷಿಣ ಏಷ್ಯಾದವರಿಗೆ ಮೊದಲ ಆಘಾತ ಇತರರಿಗಿಂತ ಸುಮಾರು ಆರು ವರ್ಷ ಮುಂಚೆ ಬರುತ್ತದೆಂದೂ, ಮುಖ್ಯವಾಗಿ ಇವೇ ಅಂಶಗಳು ನಮ್ಮಲ್ಲಿ ಚಿಕ್ಕ ವಯಸ್ಸಿಗೇ ಕಾಣಿಸಿಕೊಳ್ಳುವುದು ಅದಕ್ಕೆ ಕಾರಣವೆಂದೂ ಅದೇ ಅಧ್ಯಯನದಿಂದ 2007ರಲ್ಲಿ ತಿಳಿಯಿತು. ಆದ್ದರಿಂದ, ಮಕ್ಕಳೇ, ವಂಶವಾಹಿಯ ಮಾತು ಓದಿ ಸಿಗರೇಟಿಗೆ ಕ್ಷಮಾಪಣೆ ಸಿಕ್ಕಿತೆಂದು ತಿಳಿಯಬೇಡಿ. ನಿಮ್ಮಲ್ಲಿ ಯಾರ ಮೇಲೆ ಈ ಮಾತು ಎಂದು ನಿಮಗೇ ಗೊತ್ತು.

ಇನ್ನೊಂದು ಸಂಗತಿ. ಹೃದಯಸ್ನಾಯುವಿನ ಪ್ರೋಟೀನೊಂದರ ವಂಶವಾಹಿಯಲ್ಲಿ 25 ಅಕ್ಷರಗಳು ಅಳಿಸಿಹೋಗಿರುವ ಒಂದು ದೋಷ, ದಕ್ಷಿಣ ಏಷ್ಯಾದ ನೂರು ಜನರಲ್ಲಿ ಸುಮಾರು ನಾಲ್ವರಲ್ಲಿ ಇದೆಯೆಂದು ಪೆರುಂದುರೈ ದಂಡಪಾಣಿ, ಹೈದರಾಬಾದಿನ ಕುಮಾರಸ್ವಾಮಿ ತಂಗರಾಜ್ ಮೊದಲಾದವರು 2009ರಲ್ಲಿ ತೋರಿಸಿದರು. ದಂಡಪಾಣಿಯವರು ಮುಂದೆ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಸಂಶೋಧನೆ ಮುಂದುವರಿಸಿದರು. ಇದು ರಕ್ತನಾಳ ಕಟ್ಟಿಕೊಳ್ಳುವ ರೋಗವಲ್ಲ, ಸ್ನಾಯುವೇ ದುರ್ಬಲವಾಗುವ ರೋಗ. ದೋಷ ಹೊತ್ತವರಲ್ಲಿ ಅನೇಕರು ಏನೂ ಆಗದೆ ಬಾಳುತ್ತಾರೆ, ಕೆಲವರ ಹೃದಯ ಇಳಿವಯಸ್ಸಿನಲ್ಲಿ ಸೋಲುತ್ತದೆ. ಅದೇ ಅಳಿಸಿದ ಅಕ್ಷರಗಳು, ಬೇರೆ ಬೇರೆ ಪಾಡು.

ಹೋದ ತಿಂಗಳು ಆ ಹಿಂದಿನ ಸಾಲಿನ ಹುಡುಗ, ಈಗ ಅವನಿಗೂ ತಲೆ ಬೆಳ್ಳಗಾಗಿದೆ, ಮನೆಗೆ ಬಂದಿದ್ದ. ಗಣಿತದ ಮೇಷ್ಟ್ರ ವಿಷಯ ಮತ್ತೆ ಎತ್ತಿದೆ. ಅವನು ನನ್ನನ್ನೇ ರೋಗಿಯಂತೆ ಪ್ರಶ್ನಿಸತೊಡಗಿದ. ಅವರ ತಂದೆ ಎಷ್ಟನೆಯ ವಯಸ್ಸಿನಲ್ಲಿ ಹೋದರು? ರಕ್ತದೊತ್ತಡ ಎಂದಾದರೂ ನೋಡಿಸಿದ್ದರೇ? ಸಕ್ಕರೆ ಕಾಯಿಲೆ? ನಡೆಯುವಾಗ ಏದುಸಿರು? ನಾನು ತಡವರಿಸಿದೆ. ಅವರ ತಂದೆಯೂ ಐವತ್ತರೊಳಗೇ ತೀರಿಕೊಂಡಿದ್ದರೆಂದು ಕೇಳಿದ ನೆನಪು. ಆ ವರ್ಷದ ಬೇಸಿಗೆಯಲ್ಲಿ ಮಗಳ ಮದುವೆಗೆಂದು ಸಾಲ ಮಾಡಿದ್ದರು, ರಾತ್ರಿ ನಿದ್ರೆ ಬರುವುದಿಲ್ಲವೆಂದು ಒಮ್ಮೆ ಹೇಳಿದ್ದರು. ಶಾಲೆಯ ಏರುದಾರಿಯಲ್ಲಿ, ಹುಣಸೇಮರದ ಕೆಳಗೆ, ನಿಂತು ದಣಿವಾರಿಸಿಕೊಳ್ಳುತ್ತಿದ್ದರು. ನಾವೆಲ್ಲ ಅವರು ಯಾವುದೋ ಲೆಕ್ಕ ಬಿಡಿಸುತ್ತಿದ್ದಾರೆಂದು ತಿಳಿದಿದ್ದೆವು. ರಕ್ತದೊತ್ತಡವನ್ನು ಯಾರೂ ನೋಡಿರಲಿಲ್ಲ. ಶಿಷ್ಯ ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ ಚೀಲದಿಂದ ರಕ್ತದೊತ್ತಡದ ಯಂತ್ರ ತೆಗೆದು, "ಸಾರ್, ಕೈ ಕೊಡಿ" ಎಂದ.